ಕ್ಲಾರಿನೆಟ್ ಕಲಿಯಲು ದಾವಣಗೆರೆಯಲ್ಲೇ ಒಬ್ಬ ಮೇಷ್ಟ್ರಿದ್ದಾರೆ

ದುಗ್ಗಮ್ಮನ ಜಾತ್ರೆಯಲ್ಲಿ ಬ್ಯಾಂಡ್‌ಸೆಟ್‌ನವರ ಹಿಂದೆ ನನ್ನ ಮಗಳು ನಡೆದುಹೋಗಿದ್ದಳು. ಹುಡುಕಿ ಕರೆತಂದಾಗ ಹೇಳಿದ್ದು ಒಂದೇ ಮಾತು, 'ಆ ಕರೀ ವಾದ್ಯ ಬೇಕು'. ಈಗ ಅವಳಿಗೆ 13. ಕೆ.ಟಿ.ಜೆ. ನಗರದ ಈ ಮೇಷ್ಟ್ರ ಹತ್ತಿರ ಕಲಿಯಲು ಶುರು ಮಾಡಿ 14 ತಿಂಗಳಾಯಿತು.

ಮೊದಲ ದಿನ ಆನ್‌ಲೈನ್‌ನಲ್ಲಿ ತರಿಸಿದ್ದ ವಾದ್ಯ ಒಯ್ದಿದ್ದೆ. ನೋಡಲು ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರು ತೆಳು ಸಿಗರೇಟ್ ಕಾಗದವನ್ನು ತೂತು ಮುಚ್ಚುವ ಒಂದೊಂದೇ ಪ್ಯಾಡಿನ ಕೆಳಗೆ ಇಟ್ಟು, ಕೀ ಮುಚ್ಚಿ, ಮೆಲ್ಲಗೆ ಎಳೆದರು. ಎರಡು ಕಡೆ ಕಾಗದ ಸುಮ್ನೆ ಜಾರಿ ಬಂತು. 'ಗಾಳಿ ಸೋರ್ತೈತಿ ಸರ್. ಎಷ್ಟು ಊದಿದ್ರೂ ಸ್ವರ ಬರಲ್ಲ. ಮಗು ತಪ್ಪು ನಂದೇ ಅನ್ಕಂತೈತಿ' ಎಂದರು. ಆ ಮಾತಿಗೇ ನಾನು ಸೋತೆ. ಪ್ಯಾಡುಗಳನ್ನು ಅವರೇ ಬದಲಿಸಿದರು. ಪ್ಯಾಡಿನ ದುಡ್ಡು ಬಿಟ್ಟು ಬೇರೇನೂ ತಗೊಳ್ಳಲಿಲ್ಲ.

ಮೇಷ್ಟ್ರಿಗೆ 60 ದಾಟಿದೆ. ಹುಡುಗನಾಗಿದ್ದಾಗಲೇ ಚಿತ್ರದುರ್ಗದ ಕಡೆಯ ಬ್ಯಾಂಡ್‌ಸೆಟ್ ಸೇರಿ, ಮದುವೆ ಮೆರವಣಿಗೆಗಳಲ್ಲಿ ಸಿನಿಮಾ ಹಾಡು ಊದುತ್ತಿದ್ದವರು. ಒಮ್ಮೆ ರೇಡಿಯೋದಲ್ಲಿ ಕರ್ನಾಟಕ ಸಂಗೀತದ ಹೆಸರಾಂತ ಕ್ಲಾರಿನೆಟ್ ವಿದ್ವಾಂಸ ಎ.ಕೆ.ಸಿ. ನಟರಾಜನ್ ಅವರ ಕಛೇರಿ ಕೇಳಿದರಂತೆ. ಕ್ಲಾರಿನೆಟ್‌ನಲ್ಲಿ ಇಷ್ಟು ಗಮಕ, ಅಂದರೆ ಸ್ವರದ ಬಳುಕು, ಬರುತ್ತದಾ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಆಮೇಲೆ ಬ್ಯಾಂಡ್ ಬಿಡದೆಯೇ ಎಂಟು ವರ್ಷ ಹಾಡುಗಾರಿಕೆ ಕಲಿತರು. ಅವರ ಪಾಠ ಇವತ್ತಿಗೂ ಹಾಗೇ. ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ಮೊದಲು ಬಾಯಲ್ಲಿ, ಆಮೇಲೆ ವಾದ್ಯದಲ್ಲಿ.

ಕೊಳಲಿನಲ್ಲಿ ಬಿಗಿಯಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ. ಕ್ಲಾರಿನೆಟ್ ಹಾಗಲ್ಲ. ಷಡ್ಜದ (ಸ) ಬೆರಳು ಹಾಗೇ ಇಟ್ಟು ವಾದ್ಯದ ಹಿಂಬದಿಯ ಕೀ ಒತ್ತಿದರೆ ಮೇಲಿನ ಸ್ಥಾಯಿಯ ಪಂಚಮ (ಪ)! ಹಾಗಾಗಿ ಸ್ಥಾಯಿ ಬದಲಾದರೆ ಬೆರಳೂ ಬೇರೆ. ಮಗಳು ಇಲ್ಲಿ ಎರಡು ತಿಂಗಳು ಒದ್ದಾಡಿದಳು, ಒಮ್ಮೆ ಅತ್ತೂ ಬಿಟ್ಟಳು. ಮೇಷ್ಟ್ರು ಬೈಯಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಪಾಠ ಮುಗಿದ ಮೇಲೆ ಅವಳ ಬೆರಳ ತುದಿ ತಿರುಗಿಸಿ ನೋಡುತ್ತಾರೆ. ತೂತಿನ ಅಚ್ಚು ಪೂರ್ತಿ ದುಂಡಗೆ ಮೂಡಿದ್ದರೆ ಬೆರಳು ಸರಿಯಾಗಿ ಕೂತಿದೆ ಎಂದರ್ಥ. ಈಗ ಮನೆಯಲ್ಲಿ ಅವಳೇ ನನಗೆ ಬೆರಳು ತೋರಿಸುತ್ತಾಳೆ.

ಫೀಸ್ ತಿಂಗಳಿಗೆ 1,200 ರೂಪಾಯಿ, ವಾರಕ್ಕೆ ಎರಡು ದಿನ. ಊದುವಾಗ ಅದುರಿ ನಾದ ಕೊಡುವ ತೆಳು ಪಟ್ಟಿ, ಅಂದರೆ ರೀಡ್, ಅದರ ಖರ್ಚು ಬೇರೆ. ಶುರುವಿಗೆ 2 ನಂಬರಿನದು ಸಾಕು, ಗಟ್ಟಿ ರೀಡ್ ಕೊಂಡು ಮಕ್ಕಳ ತುಟಿ ನೋಯಿಸಬೇಡಿ. ಕೊಳಲು, ಸ್ಯಾಕ್ಸೊಫೋನ್ ಕೂಡ ಕಲಿಸುತ್ತಾರೆ.

ಬೇಜಾರೂ ಇದೆ. ಮದುವೆ ಸೀಸನ್‌ನಲ್ಲಿ ಮೇಷ್ಟ್ರು ಕಾರ್ಯಕ್ರಮಕ್ಕೆ ಹೋಗಿಬಿಡುತ್ತಾರೆ. ಹೋದ ಮೇ ತಿಂಗಳಲ್ಲಿ ಸಿಕ್ಕಿದ್ದು ಮೂರೇ ಪಾಠ. ಆಮೇಲೆ ತುಂಬಿಕೊಟ್ಟರು ನಿಜ, ಆದರೆ ಮೊದಲೇ ಹೇಳಬೇಕಿತ್ತು ಅಲ್ವಾ? ಪಾಠ ನಡೆಯುವ ಮೇಲಿನ ಕೋಣೆಗೆ ಶೀಟಿನ ಸೂರು, ನಮ್ಮೂರ ಬಿಸಿಲಿಗೆ ಮಧ್ಯಾಹ್ನ ಕೂರಲು ಆಗಲ್ಲ. ಬೆಳಗಿನ ಬ್ಯಾಚ್ ಕೇಳಿ.

ಸೇರಿಸುವ ಮುಂಚೆ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ. ನಮ್ಮ ಬೀದಿಯ ಏಳು ವರ್ಷದ ಹುಡುಗನ ಬೆರಳು ತೂತಿಗೆ ಸಾಲಲಿಲ್ಲ. ಮೇಷ್ಟ್ರು ಫೀಸ್ ಮುಟ್ಟಲೇ ಇಲ್ಲ. 'ಎರಡು ವರ್ಷ ಹಾಡು ಕಲೀಲಿ, ಆಮೇಲೆ ಕಳಿಸಿ' ಎಂದರು.