ಒಂದೇ ಪ್ರಶ್ನಾವಳಿ, ಮೂರು ಕಡೆ: ಖಿನ್ನತೆಗೆ ನಾನು ಪಡೆದ ಸೇವೆಗಳ ಹೋಲಿಕೆ

ಖಿನ್ನತೆಗೆ ಚಿಕಿತ್ಸೆ ಪಡೆದ ಹದಿನಾಲ್ಕು ತಿಂಗಳಲ್ಲಿ ನಾನು ಮೂರು ಕಡೆ ನೆರವು ಕೇಳಿದ್ದೇನೆ: ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗ, ವಿಡಿಯೊ ಕರೆಯಲ್ಲಿ ಮಾತನಾಡುವ ಖಾಸಗಿ ಆಪ್ತಸಮಾಲೋಚಕರು ಮತ್ತು ಮನೆಯ ಸಮೀಪದಲ್ಲೇ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆ. ಮೂರೂ ಕಡೆ ಮೊದಲು ಎದುರಾದದ್ದು ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ತೀವ್ರತೆಯನ್ನು ಅಳೆಯುವ ಪ್ರಶ್ನಾವಳಿ. ಕಳೆದ ಎರಡು ವಾರ ಹೇಗಿದ್ದವು ಎಂದು ಕೇಳುವ 9 ಪ್ರಶ್ನೆಗಳು ಅದರಲ್ಲಿವೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಗರಿಷ್ಠ ಮೊತ್ತ 27. ಆ ಹಾಳೆಯನ್ನು ಯಾರು ಹೇಗೆ ಬಳಸಿದರು ಎಂಬುದನ್ನು ಹಿಡಿದೇ ಹೋಲಿಸುತ್ತೇನೆ.

ಆಸ್ಪತ್ರೆಯಲ್ಲಿ ಅದನ್ನು ಸರದಿ ಕಾಯುವ ಬೆಂಚಿನ ಮೇಲೆ ಕುಳಿತು, ಪಕ್ಕದವರಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದು ತುಂಬಿದೆ. ಮೊತ್ತ 17 ಬಂತು. 20ರಿಂದ ಮೇಲಿನದನ್ನು ತೀವ್ರ ಖಿನ್ನತೆ ಎನ್ನುತ್ತಾರೆ, ನನ್ನದು ಅದಕ್ಕೆ ಒಂದು ಹಂತ ಕೆಳಗೆ. ವೈದ್ಯರು ಮೊತ್ತವನ್ನಷ್ಟೇ ನೋಡಿ, ಏಳೆಂಟು ನಿಮಿಷ ಮಾತನಾಡಿ, ಥೈರಾಯ್ಡ್ ಪರೀಕ್ಷೆಗೆ ಬರೆದು, ಮಾತ್ರೆ ಆರಂಭಿಸಿದರು. ಆ ಏಳೆಂಟು ನಿಮಿಷವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಥೈರಾಯ್ಡ್ ಕೊರತೆಯೂ ಖಿನ್ನತೆಯಂತೆಯೇ ತೋರಬಲ್ಲದು ಎಂಬ ವಿಚಾರ ಉಳಿದೆರಡು ಕಡೆ ಬರಲೇ ಇಲ್ಲ. ಔಷಧ ಬರೆಯುವ ಅಧಿಕಾರವಂತೂ ಅಲ್ಲಿನವರಿಗಿರಲಿಲ್ಲ. ಆದರೆ ಈ ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳೇ ಬೇಕು, ಹೊಟ್ಟೆ ತೊಳಸುವಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ದಿನಗಳಲ್ಲೇ ಬಂದುಬಿಡುತ್ತವೆ. ನನ್ನ ಮುಂದಿನ ಭೇಟಿ ಇದ್ದದ್ದು ಒಂದು ತಿಂಗಳ ನಂತರ. ಎಂಟನೆಯ ದಿನ ಮಾತ್ರೆ ಬಿಟ್ಟೆ. ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ.

ವಿಡಿಯೊ ಸಮಾಲೋಚನೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಐವತ್ತು ನಿಮಿಷ ಅಡಚಣೆಯಿಲ್ಲದೆ ಮಾತನಾಡಬಹುದಿತ್ತು, ಪರಿಚಿತರು ಎದುರಾಗುವ ಭಯವಿರಲಿಲ್ಲ, ಮನಸ್ಸಿಗೆ ಬಂದ ಯೋಚನೆಯನ್ನು ಬರೆದಿಟ್ಟು ಅದು ಎಷ್ಟು ನಿಜವೆಂದು ಪರೀಕ್ಷಿಸುವ ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸಾ ಕ್ರಮವನ್ನು ಅವರು ಚೆನ್ನಾಗಿಯೇ ಕಲಿಸಿದರು. ಆದರೆ ಹಾಸಿಗೆ ಬಿಟ್ಟೇಳಲಾಗದ ದಿನ ಭೇಟಿಯನ್ನು ರದ್ದುಮಾಡಲು ಮೊಬೈಲಿನಲ್ಲಿ ಒಮ್ಮೆ ಒತ್ತಿದರೆ ಸಾಕಿತ್ತು. ಸಾಲಾಗಿ ಮೂರು ವಾರ ಒತ್ತಿದೆ.

ಸಂಸ್ಥೆಯ ಕಾರ್ಯಕರ್ತೆಗೆ ಮನೋವಿಜ್ಞಾನದ ಪದವಿ ಇರಲಿಲ್ಲ, ಕೆಲವು ವಾರಗಳ ತರಬೇತಿ ಮತ್ತು ಮೇಲ್ವಿಚಾರಕರೊಬ್ಬರ ಬೆಂಬಲ ಇತ್ತು, ಹಾಗಾಗಿ ನಾನು ಅನುಮಾನದಿಂದಲೇ ಹೋದೆ. ಈ ವ್ಯವಸ್ಥೆಗೆ ಆಧಾರವಿದೆ ಎಂಬುದು ಆಮೇಲೆ ತಿಳಿಯಿತು: ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಆರಂಭಿಸಿದ ‘ಫ್ರೆಂಡ್‌ಶಿಪ್ ಬೆಂಚ್’ನಲ್ಲಿ ತರಬೇತಿ ಪಡೆದ ಅಜ್ಜಿಯರು ಮರದ ಬೆಂಚಿನ ಮೇಲೆ ಕುಳಿತು ಸಮಾಲೋಚನೆ ನಡೆಸುತ್ತಾರೆ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ನಂತರ ಅವರ ನೆರವು ಪಡೆದವರ ಲಕ್ಷಣಗಳು ಉಳಿದವರಿಗಿಂತ ಕಡಿಮೆಯಾಗಿದ್ದವು.

ಕಾರ್ಯಕರ್ತೆ ಹಾಳೆಯನ್ನು ನನ್ನ ಕೈಗೆ ಕೊಡಲಿಲ್ಲ. ಒಂದೊಂದೇ ಪ್ರಶ್ನೆಯನ್ನು ಓದಿ, ನಾನು ಬಾಯಿ ಬಿಡುವವರೆಗೆ ಪೆನ್ನನ್ನು ಹಾಳೆಯಿಂದ ಎತ್ತಿ ಹಿಡಿದಿರುತ್ತಿದ್ದರು. ಒಂಬತ್ತನೆಯದು, ಸತ್ತರೇ ಮೇಲು ಎಂದು ಅನಿಸಿದೆಯೇ ಎಂಬ ಪ್ರಶ್ನೆ. ಆಸ್ಪತ್ರೆಯ ಬೆಂಚಿನಲ್ಲಿ ಅದಕ್ಕೆ 0 ಗುರುತು ಹಾಕಿದ್ದೆ. ಇಲ್ಲಿ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಅವರು ಗಾಬರಿಯಾಗಲಿಲ್ಲ, ಹೇಗೆಂದು ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಿದರು, ಇದೊಂದನ್ನು ಗುಟ್ಟಾಗಿಡಲು ಆಗುವುದಿಲ್ಲ, ಮೇಲ್ವಿಚಾರಕರಿಗೆ ತಿಳಿಸಲೇಬೇಕು ಎಂದೂ ಹೇಳಿದರು. ಮರುದಿನ ಬೆಳಗ್ಗೆ ಅದೇ ಆಸ್ಪತ್ರೆಗೆ ನನ್ನ ಜೊತೆ ಬಂದರು. ಮಾತ್ರೆ ಕಡಿಮೆ ಪ್ರಮಾಣದಿಂದ ಮತ್ತೆ ಶುರುವಾಯಿತು, ಈ ಸಲ ನಿಲ್ಲಿಸಲಿಲ್ಲ, ಏಕೆಂದರೆ ಮೂರನೆಯ ದಿನವೇ ಹೊಟ್ಟೆ ಹೇಗಿದೆ ಎಂದು ಕೇಳುವ ಕರೆ ಬಂದಿತ್ತು. ವಾರವಾರದ ಭೇಟಿಯಲ್ಲಿ ಗೆರೆ ಹಾಕಿದ ನೋಟುಪುಸ್ತಕದಲ್ಲಿ ಒಂದೇ ಒಂದು ಕೆಲಸ ಬರೆಯುತ್ತಿದ್ದೆವು. ಉತ್ಸಾಹ ಬರಲಿ ಎಂದು ಕಾಯದೆ ಕೆಲಸದಿಂದಲೇ ಉತ್ಸಾಹವನ್ನು ಎಬ್ಬಿಸುವ ಕ್ರಮವಿದು. ಮೊದಲ ವಾರದ ಕೆಲಸ, ಹತ್ತು ಗಂಟೆಯೊಳಗೆ ಸ್ನಾನ. ಏಳು ದಿನಗಳಲ್ಲಿ ಮೂರು ದಿನ ಮಾಡಿದ್ದೆ. ಅವರು ‘ಮೂರು’ ಎಂದಷ್ಟೇ ಬರೆದು ಪುಟ ತಿರುವಿದರು.

ಕೊರತೆಗಳು ಸಣ್ಣವಲ್ಲ. ಗುಂಪು ಸಭೆಯ ಎರಡನೆಯ ದಿನವೇ ಸಹೋದ್ಯೋಗಿಯ ಸಂಬಂಧಿಕರೊಬ್ಬರು ಎದುರಿಗೆ ಕುಳಿತಿದ್ದರು. ಇಲ್ಲಿನ ಮಾತು ಹೊರಗೆ ಹೋಗಬಾರದೆಂಬ ನಿಯಮವನ್ನು ಓದಿ ಹೇಳಿದರೂ ಆ ದಿನ ನಾನು ತುಟಿ ಬಿಚ್ಚಲಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಆರನೆಯ ತಿಂಗಳಲ್ಲಿ ಯೋಜನೆಯ ಅನುದಾನ ಮುಗಿದು ಆ ಕಾರ್ಯಕರ್ತೆ ಹೊರಟುಹೋದರು, ನಮಗೆ ತಿಳಿಸಿದ್ದು ಒಂದು ವಾರ ಮೊದಲು. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ವಿಡಿಯೊದಲ್ಲಿ ಕೊನೆಯವರೆಗೂ ಒಬ್ಬರೇ ಇದ್ದರು ಎಂಬುದನ್ನು ಒಪ್ಪಲೇಬೇಕು.

ಈಗ ಔಷಧಕ್ಕೆ ಆಸ್ಪತ್ರೆ, ಹದಿನೈದು ದಿನಕ್ಕೊಮ್ಮೆ ಸಂಸ್ಥೆಯ ಭೇಟಿ, ವಿಡಿಯೊ ನಿಲ್ಲಿಸಿದ್ದೇನೆ. ಕಳೆದ ತಿಂಗಳ ಮೊತ್ತ 6. ಗುಂಪು ಸಭೆಗೆ ಮತ್ತೆ ಹೋಗಬೇಕೇ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ.