ಪೆಡಲ್ ಜನರೇಟರ್, ಎರಡು ವರ್ಷದ ಬಳಕೆ: ರೋಲರ್ ಬಿಚ್ಚಿಹಾಕಿದ ಮೇಲೆ ಸರಿಹೋಯ್ತು (ಸಿಂಧನೂರು)

ಹಳೇ 28 ಇಂಚಿನ ಸೈಕಲ್, ಹಿಂದಿನ ಗಾಲಿ ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ಟೈರಿಗೆ ಒತ್ತಿಕೊಳ್ಳುವ ಕಬ್ಬಿಣದ ರೋಲರ್, ಅದಕ್ಕೆ 24 ವೋಲ್ಟಿನ 250 ವ್ಯಾಟ್ ಡಿಸಿ ಮೋಟಾರ್. ತುಳಿದು ಮೋಟಾರನ್ನು ತಿರುಗಿಸಿದರೆ ಅದೇ ಕರೆಂಟ್ ಕೊಟ್ಟು ಬ್ಯಾಟರಿ ತುಂಬಿಸುತ್ತದೆ. ಮೋಟಾರಿನ ಬಗ್ಗೆ ದೂರಿಲ್ಲ. ದೂರೆಲ್ಲ ಆ ರೋಲರಿನ ಮೇಲೆ.

ಟೈರು ಜಾರದಿರಲಿ ಎಂದು ಬಿಗಿಯಾಗಿ ಒತ್ತಿದರೆ ರಬ್ಬರು ತಗ್ಗಿ ಏಳುತ್ತ ಕಾಯುತ್ತದೆ, ತುಳಿದ ಶಕ್ತಿ ಅಲ್ಲೇ ಕಾವಾಗಿ ಹೋಗುತ್ತದೆ. ಸಡಿಲ ಬಿಟ್ಟರೆ ಜಾರುತ್ತದೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಟ್ಯೂಬಿನ ಗಾಳಿ ಉಬ್ಬಿ ರೋಲರ್ ಬಿಗಿ, ನಸುಕಿನಲ್ಲಿ ಸಡಿಲ. ದಿನಾ ಕೂರುವ ಮುಂಚೆ ರೋಲರಿನ ದೂಳು ಒರೆಸಬೇಕು, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ನಟ್ಟು ಅರ್ಧ ಸುತ್ತು ಆ ಕಡೆ ಈ ಕಡೆ ತಿರುಗಿಸಬೇಕು. ಆರು ತಿಂಗಳಿಗೆ ಟೈರಿನ ನಡುಪಟ್ಟಿ ಸವೆದು ದಾರ ಕಾಣಿಸಿತು. ಕೊಟ್ಟ ರೊಕ್ಕಕ್ಕೆ ಇದು ಅನ್ಯಾಯ.

ಪರಿಹಾರ ಇದೆ: ಟೈರು, ಟ್ಯೂಬು ಎರಡನ್ನೂ ತೆಗೆದು ಬರೀ ರಿಮ್ಮಿನ ಮೇಲೆ ವಿ-ಬೆಲ್ಟ್ ಹಾಕುವುದು. ಮೋಟಾರಿಗೆ 50 ಮಿ.ಮೀ. ಪುಲ್ಲಿಯನ್ನು ಲೇತಿನಲ್ಲಿ ಮಾಡಿಸಿ. ಇಷ್ಟು ಸಣ್ಣ ಪುಲ್ಲಿಗೆ ಸಾದಾ ಬೆಲ್ಟ್ ಸರಿಯಾಗಿ ಬಾಗದೆ ಕಾಯುತ್ತದೆ, ಒಳಮೈಯಲ್ಲಿ ಕಚ್ಚುಗಳಿರುವುದನ್ನೇ ಕೇಳಿ ತನ್ನಿ. ಉದ್ದವನ್ನು ಹಗ್ಗ ಸುತ್ತಿ ಅಳೆಯಿರಿ. ರಿಮ್ ಟೇಪ್ ತೆಗೆಯಬೇಡಿ, ಸ್ಪೋಕಿನ ನಿಪ್ಪಲ್‌ಗಳು ಬೆಲ್ಟ್ ಕೊಯ್ಯುತ್ತವೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ರೋಲರ್ ಗಾಲಿಗೆ ವಿರುದ್ಧ ದಿಕ್ಕಿಗೆ ತಿರುಗುತ್ತಿತ್ತು, ಬೆಲ್ಟಿನ ಪುಲ್ಲಿ ಗಾಲಿಯ ದಿಕ್ಕಿಗೇ ತಿರುಗುತ್ತದೆ. ಹಾಗಾಗಿ ಮೋಟಾರಿನ ಪ್ಲಸ್-ಮೈನಸ್ ಅದಲುಬದಲಾಗುತ್ತದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ತಡೆಯುತ್ತದೆ, ಎಷ್ಟು ತುಳಿದರೂ ಆಂಪಿಯರ್ ಮೀಟರಿನ ಮುಳ್ಳು ಏಳುವುದಿಲ್ಲ. ಮೋಟಾರಿನ ಎರಡು ವೈರು ಬದಲಿಸಿದರೆ ಮುಗಿಯಿತು. ಡಯೋಡನ್ನು ಮಾತ್ರ ತೆಗೆಯಬೇಡಿ, ತೆಗೆದರೆ ಬ್ಯಾಟರಿಯೇ ಮೋಟಾರನ್ನು ತಿರುಗಿಸುತ್ತ ಖಾಲಿಯಾಗುತ್ತದೆ.

ಟೈರಿನ ಭಾರ ಹೋದದ್ದರಿಂದ ಪೆಡಲ್ ಕುಲುಕುತ್ತದೆ. 10 ಮಿ.ಮೀ. ಸರಳನ್ನು 1.8 ಮೀಟರ್ ಕತ್ತರಿಸಿ, ಬಳೆಯಂತೆ ಬಗ್ಗಿಸಿ, ರಿಮ್ಮಿನ ಒಳಬದಿಗೆ ಸ್ಪೋಕುಗಳಿಗೆ ಬೈಂಡಿಂಗ್ ವೈರಿನಿಂದ ಬಿಗಿದರೆ ಸುಮಾರು 1.1 ಕೆ.ಜಿ. ಭಾರ ಮರಳಿ ಬರುತ್ತದೆ. ಆಮೇಲಿನ ತುಳಿತ ಎಷ್ಟು ನಯ! ನಿಮಿಷಕ್ಕೆ 60 ಸುತ್ತಿನಲ್ಲಿ ಮುಳ್ಳು 4 ಆಂಪಿಯರ್ ಮೇಲೆ ಅಲುಗದೆ ನಿಲ್ಲುತ್ತದೆ. ರೋಲರಿನಲ್ಲಿ ಅದೇ ಶ್ರಮಕ್ಕೆ 3 ದಾಟುತ್ತಿರಲಿಲ್ಲ. ಕರೆಂಟ್ ಇದ್ದಾಗಲೂ ಹತ್ತಿ ಕೂರಬೇಕೆನಿಸುವುದು ಈ ಮುಳ್ಳಿನಿಂದಲೇ.

ಬಿಲ್ ಉಳಿಸಲು ತೊಗೊಳ್ಳಬೇಡಿ. ಒಂದು ಯೂನಿಟ್‌ಗೆ 18 ತಾಸು ತುಳಿಯಬೇಕು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಒಂದು 210 ಮೆಗಾವ್ಯಾಟ್ ಘಟಕಕ್ಕೆ ಸಮನಾಗಲು ತಲಾ 60 ವ್ಯಾಟಿನಂತೆ 35 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ರಾಯಚೂರು ಜಿಲ್ಲೆಯಲ್ಲಿದ್ದವರೇ 19 ಲಕ್ಷ ಚಿಲ್ಲರೆ. ಆದರೆ ಒಂದು ತಾಸು ತುಳಿದರೆ 7 ವ್ಯಾಟಿನ ಎಲ್‌ಇಡಿ ದೀಪ ಸುಮಾರು ಆರು ತಾಸು ಉರಿಯುತ್ತದೆ. ಓದುವ ಮಕ್ಕಳಿರುವ ಮನೆಗೆ ಅದು ಸಾಕಷ್ಟಾಯಿತು.

ಸೆಟ್ಟಿನ ಜೊತೆ ಕೊಡುವ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ಬೇಡವೆನ್ನಿ. ಅದು ಸುಮಾರು 2 ಆಂಪಿಯರ್ ಮಾತ್ರ ತಾಳುತ್ತದೆ, 4 ಹರಿದರೆ ಉಬ್ಬುತ್ತದೆ. ಕನಿಷ್ಠ 26 ಎಎಚ್ ಇರಲಿ, ಉಳಿತಾಯ ಮಾಡುವ ಜಾಗ ಇದಲ್ಲ. ಚಾರ್ಜ್ ಕಂಟ್ರೋಲರಿನಲ್ಲಿ (ಬ್ಯಾಟರಿ ತುಂಬಿದಾಗ ಲೈನ್ ಕಡಿಯುವ ಪೆಟ್ಟಿಗೆ) ಚಾರ್ಜಿನ ಮಿತಿ 14.4 ವೋಲ್ಟ್, 40 ಡಿಗ್ರಿ ಬಿಸಿಲಿನ ದಿನಗಳಲ್ಲಿ 14.1ಕ್ಕೆ ಇಳಿಸಿ, ಇಲ್ಲದಿದ್ದರೆ ಒಳಗಿನ ನೀರು ಬೇಗ ಒಣಗುತ್ತದೆ. ಬ್ಯಾಟರಿ ತುಂಬಿ ಲೈನ್ ಕಡಿದಾಗ ಪೆಡಲ್ ಥಟ್ಟನೆ ಹಗುರಾಗಿ ಕಾಲು ಜಾರುತ್ತದೆ. ಆ ಹೊತ್ತಿಗೆ 12 ವೋಲ್ಟ್, 55 ವ್ಯಾಟಿನ ಕಾರ್ ಹೆಡ್‌ಲೈಟ್ ಬಲ್ಬಿಗೆ ಕರೆಂಟ್ ತಿರುಗುವಂತೆ ರಿಲೇ ಕೊಡಿಸಿ. ಬಲ್ಬ್ ಬೆಳಗಿದರೆ ಇಳಿಯುವ ಹೊತ್ತಾಯಿತು ಎಂದೇ ಅರ್ಥ.