46,218 ಕಿಲೋಮೀಟರ್ ಎಂದು ನಂಬಿಸಿದರು: ಹಳೆಯ ಮಾರುತಿ ಈಕೋ ವ್ಯಾನ್ ಕೊಳ್ಳುವವರು ದಯವಿಟ್ಟು ಓದಿ

ಇದನ್ನು ಬರೆಯಲು ಎರಡು ತಿಂಗಳು ಹಿಂಜರಿದೆ. ಕಾರಣ ನಾಚಿಕೆ. ಇಪ್ಪತ್ತು ವರ್ಷದಿಂದ ಬೋರ್‌ವೆಲ್ ಮೋಟಾರ್ ಬಿಚ್ಚಿ ವೈಂಡಿಂಗ್ ಮಾಡುವವನು ನಾನು. ಮೋಟಾರಿನ ವಾಸನೆ ನೋಡಿ ಯಾವ ಕಾಯಿಲ್ ಸುಟ್ಟಿದೆ ಎಂದು ಹೇಳುತ್ತೇನೆ. ಅಂಥವನಿಗೇ ಟೋಪಿ ಹಾಕಿದರು ಎಂದು ಊರಿಗೆ ಹೇಗೆ ಹೇಳಿಕೊಳ್ಳುವುದು? ಆದರೆ ಮೊನ್ನೆ ನಮ್ಮ ಪಕ್ಕದ ಅಂಗಡಿಯ ಹುಡುಗ ನಾನು ಮೋಸಹೋದ ಅದೇ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ಹಳೆಯ ಗಾಡಿ ಮಾರುವ ಒಂದು ಯಾರ್ಡಿನಲ್ಲಿ ಹತ್ತು ಸಾವಿರ ಟೋಕನ್ ಕೊಟ್ಟು ಬಂದಿದ್ದಾನೆ. ಅವನ ಮೊಬೈಲಿನಲ್ಲಿದ್ದ ಗಾಡಿಯ ಫೋಟೋ ನೋಡಿದೆ. ಹೊಸ ಸೀಟ್ ಕವರ್, ಹೊಸ ಸ್ಟೀರಿಂಗ್ ಕವರ್, ನಾಲ್ಕು ಹೊಸ ಟೈರ್. ನನ್ನ ಹೊಟ್ಟೆ ಉರಿಯಿತು. ಇನ್ನು ಸುಮ್ಮನಿರಲಾರೆ.

ನನಗೆ ಗಾಡಿ ಬೇಕಾಗಿದ್ದು ಎರಡು ಕೆಲಸಕ್ಕೆ. ವಾರವಿಡೀ ತಿಪಟೂರಿನ ಸುತ್ತಲಿನ ತೋಟಗಳಿಗೆ ಹೋಗಿ ಮೋಟಾರ್ ಎತ್ತುವುದು, ಚೈನ್‌ಬ್ಲಾಕ್, ಕೇಬಲ್ ಸುರುಳಿ, ಪಂಪು ಎಲ್ಲ ಹೇರಿಕೊಂಡು ಓಡಾಡುವುದು. ಪ್ರತಿ ಸಲ ಲಗೇಜ್ ಆಟೋಗೆ ಬಾಡಿಗೆ ಕೊಟ್ಟು ಕೊಟ್ಟು ದುಡಿದದ್ದರಲ್ಲಿ ಕಾಲುಭಾಗ ಅದಕ್ಕೇ ಹೋಗುತ್ತಿತ್ತು. ಭಾನುವಾರ ಬಂದರೆ ಅದೇ ಗಾಡಿಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಯಡಿಯೂರಿಗೋ ಹಳೇಬೀಡಿಗೋ ಹೋಗಿಬರಬೇಕು. ಒಟ್ಟು ಆರು ಜನ. ಹಿಂದೆ ಇಂಥದ್ದಕ್ಕೆಲ್ಲ ಓಮ್ನಿ ಇತ್ತು. ಅದರ ತಯಾರಿಕೆ 2019ರಲ್ಲಿ ನಿಂತುಹೋಯಿತು. ನಮ್ಮ ಕೈಗೆಟಕುವ ಬೆಲೆಗೆ ಉಳಿದದ್ದು ಈಕೋ ಒಂದೇ. ಆಗ ಈಕೋದಲ್ಲಿ ಐದು ಸೀಟಿನದೂ ಇತ್ತು, ಏಳು ಸೀಟಿನದೂ ಇತ್ತು. ನನಗೆ ಏಳು ಸೀಟಿನದೇ ಬೇಕಿತ್ತು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದೆ. ಮತ್ತೆ ಹೇಳುತ್ತೇನೆ, ಮೊದಲ ದಿನವೇ ಹೇಳಿದ್ದೆ.

2024ರ ನವೆಂಬರಿನಲ್ಲಿ ಗಾಡಿ ತೋರಿಸಿದರು. 2018ರ ಮಾಡೆಲ್, ಬಿಳಿ ಬಣ್ಣ, ಪೆಟ್ರೋಲ್, ಮೀಟರಿನಲ್ಲಿ 46,218. ಹಿಂದೆ ಮೂರನೆಯ ಸಾಲಿನ ಸೀಟು. ಯಾರ್ಡಿನವನು ನನ್ನನ್ನು ‘ಅಣ್ಣ’ ಎಂದೇ ಕರೆದ. “ಅಣ್ಣ, ಒಬ್ಬರೇ ಮಾಲೀಕರು, ಬ್ಯಾಂಕಿನಲ್ಲಿ ಕೆಲಸ, ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ. ನಿಮ್ಮ ತಮ್ಮ ಹೇಳುತ್ತಿದ್ದಾನೆ ಎಂದುಕೊಂಡು ತೆಗೆದುಕೊಳ್ಳಿ.” ಆರ್‌ಸಿ ತೋರಿಸಿ ಎಂದಾಗ ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡಿನ ಮುಂಬದಿಯ ಫೋಟೋ ಕಳಿಸಿದ. ಹೆಸರು, ಚಾಸಿ ನಂಬರು, ಎಂಜಿನ್ ನಂಬರು ಸರಿಯಾಗಿದ್ದವು. ಸಾಲದ ಬಾಕಿಯೂ ಇರಲಿಲ್ಲ. ಹಿಂಬದಿಯ ಫೋಟೋ ಕಳಿಸಲಿಲ್ಲ. ನಾನೂ ಕೇಳಲಿಲ್ಲ.

3,20,000 ರೂಪಾಯಿಗೆ ಮಾತಾಯಿತು. ಅದರಲ್ಲಿ ಒಂದು ಲಕ್ಷ ಹೆಂಡತಿಯ ಸರ ಅಡವಿಟ್ಟು ತಂದದ್ದು. ದುಡ್ಡು ಎಣಿಸಿಕೊಂಡ ಮೇಲೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. “ವಾಹನವನ್ನು ಪರೀಕ್ಷಿಸಿ, ತೃಪ್ತನಾಗಿ, ಇದ್ದ ಸ್ಥಿತಿಯಲ್ಲಿಯೇ ಪಡೆದಿದ್ದೇನೆ.” ಆ ಹೊತ್ತಿನಲ್ಲಿ ಯಾರು ಓದುತ್ತಾರೆ? ಮಕ್ಕಳು ಆಗಲೇ ಹಿಂದಿನ ಸೀಟು ಹತ್ತಿ ಕುಳಿತಿದ್ದರು.

ಎರಡು ತಿಂಗಳು ಸಣ್ಣಪುಟ್ಟ ತೋಟದ ಓಡಾಟ. ಕ್ಲಚ್ ಸ್ವಲ್ಪ ಎತ್ತರದಲ್ಲಿ ಹಿಡಿಯುತ್ತಿದೆ ಎನ್ನಿಸಿತ್ತು. ಫೋನ್ ಮಾಡಿ ಕೇಳಿದಾಗ “ಅಣ್ಣ, ಈಕೋ ಹಾಗೆಯೇ, ಕಾಲಿಗೆ ಅಭ್ಯಾಸವಾಗಬೇಕು” ಎಂದ. ನಂಬಿದೆ.

ಜನವರಿಯಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಹೋಗುವಾಗ ತೊಂದರೆಯಾಗಲಿಲ್ಲ. ಮರಳುವಾಗ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತತೊಡಗಿದೆವು. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಸುಟ್ಟ ವಾಸನೆ. ಆ ವಾಸನೆ ನನಗೆ ಗೊತ್ತು, ಏನೋ ಉರಿದುಹೋಗುತ್ತಿದೆ. ಅಣ್ಣಪ್ಪ ಸ್ವಾಮಿ ಗುಡಿ ಇನ್ನೂ ಮೇಲಿತ್ತು. ತಿರುವಿನಲ್ಲೇ ಗಾಡಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದರೂ ಹಿಂದಕ್ಕೆ ಜಾರುತ್ತಿತ್ತು. ಮಗ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಬಸ್ಸಿನ ಹಾರ್ನು. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಕೋಲೂರಿಕೊಂಡು ರಸ್ತೆಯ ಅಂಚಿನ ತಡೆಗೋಡೆಗೆ ಒರಗಿ ನಿಂತರು. ಆಚೆ ಕಡೆ ಪ್ರಪಾತ. ಅವರು ನನ್ನನ್ನು ಬೈಯಲಿಲ್ಲ. “ದುಡ್ಡು ಕೊಟ್ಟವರೇ ದಾರಿಯಲ್ಲಿ ನಿಲ್ಲುವ ಹಾಗಾಯಿತಲ್ಲಪ್ಪ” ಎಂದರು, ಅಷ್ಟೇ. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಗೂಡ್ಸ್ ಗಾಡಿಯೊಂದಕ್ಕೆ ಹಗ್ಗ ಕಟ್ಟಿ ಕೊಟ್ಟಿಗೆಹಾರಕ್ಕೆ ಎಳೆಸಿಕೊಂಡು, ಅಲ್ಲಿಂದ ಮೂಡಿಗೆರೆಗೆ ತಂದೆವು. ಈಕೋದ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮೆಕ್ಯಾನಿಕ್ ಸೀಟೆತ್ತಿ ಒಮ್ಮೆ ನೋಡಿದ, ಆಮೇಲೆ ಕೆಳಗೆ ಮಲಗಿ ನೋಡಿದ. “ಎಷ್ಟು ಓಡಿದೆ ಸರ್?” ಎಂದು ಕೇಳಿದ. ನಲವತ್ತೊಂಬತ್ತು ಸಾವಿರ ಎಂದೆ. ಅವನು ಉತ್ತರಿಸಲಿಲ್ಲ. ಸಂಜೆ ಸವೆದ ಕ್ಲಚ್ ಪ್ಲೇಟನ್ನು ತಂದು ನನ್ನ ಕೈಯಲ್ಲಿಟ್ಟ. ರಿವೆಟ್‌ಗಳ ತಲೆ ಹೊರಗೆ ಬಂದಿತ್ತು. “ಊರಿಗೆ ಹೋಗಿ ಕಂಪನಿ ಸರ್ವಿಸ್‌ನಲ್ಲಿ ಗಾಡಿಯ ನಂಬರ್ ಕೊಟ್ಟು ಕೇಳಿ ಸರ್” ಎಂದ. ಆ ಹುಡುಗನ ಋಣ ನನ್ನ ಮೇಲಿದೆ.

ಕಂಪನಿ ಸರ್ವಿಸ್ ಕೇಂದ್ರದಲ್ಲಿ ಕೌಂಟರಿನ ಹುಡುಗಿ ನಂಬರ್ ಒತ್ತಿದಳು. ಒಮ್ಮೆ ಪರದೆಯನ್ನು, ಒಮ್ಮೆ ನನ್ನ ಮುಖವನ್ನು ನೋಡಿದಳು. ಬಾಯಿಂದ ಹೇಳದೆ ಪರದೆಯನ್ನೇ ನನ್ನ ಕಡೆ ತಿರುಗಿಸಿದಳು. 2021ರ ಆಗಸ್ಟ್, 91,560 ಕಿಲೋಮೀಟರ್. ಅದರ ಮುಂದೆ ದಾಖಲೆ ಇಲ್ಲ. 2021ರಲ್ಲೇ 91 ಸಾವಿರ. ನಾನು ಕೊಂಡದ್ದು 2024ರಲ್ಲಿ, 46 ಸಾವಿರಕ್ಕೆ. ಗಾಡಿ ಮೂರು ವರ್ಷ ಹಿಂದಕ್ಕೆ ಓಡಿತೇ? ಅಲ್ಲಿ ಐದಾರು ಜನ ಕುಳಿತಿದ್ದರು. ಎಲ್ಲರೂ ನೋಡುತ್ತಿದ್ದಾರೆ ಎನ್ನಿಸಿತು. ಪ್ರಿಂಟ್ ಕೊಡಿ ಎಂದು ಕೇಳುವುದಕ್ಕೂ ಗಂಟಲು ಕಟ್ಟಿತು.

ಹೊರಗೆ ಬಂದು ಗಾಡಿಯಲ್ಲಿ ಕುಳಿತೆ. ಸ್ಟೀರಿಂಗ್ ಕವರಿನ ದಾರ ಕತ್ತರಿಸಿ ತೆಗೆದೆ. ಕೆಳಗಿನ ಪ್ಲಾಸ್ಟಿಕ್ ಕನ್ನಡಿಯಂತೆ ನುಣುಪಾಗಿತ್ತು. ಎರಡೂ ಕಡೆ ಹೆಬ್ಬೆರಳು ಊರುವ ಜಾಗದಲ್ಲಿ ಬೆಳ್ಳಗೆ ಕುಳಿ ಬಿದ್ದಿತ್ತು. ಕ್ಲಚ್, ಬ್ರೇಕಿನ ರಬ್ಬರ್ ಹೊಚ್ಚ ಹೊಸದು, ಆದರೆ ಅದರ ಸುತ್ತಲಿನ ಕಬ್ಬಿಣ ಸವೆದು ಹೊಳೆಯುತ್ತಿತ್ತು. ಸ್ಟೆಪ್ನಿ ಇಳಿಸಿ ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಸ್ಟೆಪ್ನಿಯ ಮೇಲೆ 1521. ಅಂದರೆ 2021ರ ಹದಿನೈದನೆಯ ವಾರ. 2018ರ ಗಾಡಿಗೆ ಮೂರು ವರ್ಷದಲ್ಲೇ ಒಮ್ಮೆ ಟೈರ್ ಬದಲಾಗಿತ್ತು. ನಾಲ್ಕು ಹೊಸ ಟೈರ್ ನೋಡಿ ನಾನು ಎಷ್ಟು ಹಿಗ್ಗಿದ್ದೆ! ಹೊಸ ಟೈರೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಫೋನ್ ಮಾಡಿದೆ. ಈಗ ನಾನು ‘ಅಣ್ಣ’ ಅಲ್ಲ, ‘ಸ್ವಾಮಿ’.

“ನೋಡಿ ಸ್ವಾಮಿ, ಮೀಟರ್ ನೋಡಿ ಯಾರಾದರೂ ಗಾಡಿ ಕೊಳ್ಳುತ್ತಾರೆಯೇ? ಗಾಡಿ ನೋಡಿ ಕೊಳ್ಳುತ್ತಾರೆ.”

ಹಾಗಾದರೆ ಮೀಟರ್ ತಿರುಗಿಸಿದ್ದೇಕೆ ಎಂದೆ.

“ನಮ್ಮ ಹತ್ತಿರ ಬಂದಾಗಲೇ ಹಾಗಿತ್ತು.”

ಹಿಂದಿನ ಮಾಲೀಕರ ನಂಬರ್ ಕೊಡಿ ಎಂದೆ.

“ಹಾಗೆಲ್ಲ ಕೊಡುವುದಕ್ಕೆ ಬರುವುದಿಲ್ಲ. ನೀವೇ ಪರೀಕ್ಷಿಸಿ ಸಹಿ ಹಾಕಿದ್ದೀರಿ, ಕಾಗದ ನೋಡಿಕೊಳ್ಳಿ.”

ಅಷ್ಟು ಹೇಳಿ ಫೋನ್ ಇಟ್ಟ. ಎರಡನೆಯ ಸಲ ಬೇರೆ ಯಾರೋ ಎತ್ತಿದರು. ಮೂರನೆಯ ಸಲ ಎತ್ತಲೇ ಇಲ್ಲ.

ಹಿಂದಿನ ಮಾಲೀಕರನ್ನು ಹುಡುಕಲು ಹತ್ತು ದಿನ ಹಿಡಿಯಿತು. ಹಳೆಯ ವಿಮೆ ಪಾಲಿಸಿಯ ಪ್ರತಿಯಲ್ಲಿ ವಿಳಾಸವಿತ್ತು, ಮನೆಗೇ ಹೋದೆ. ಬ್ಯಾಂಕೂ ಇಲ್ಲ, ಆಫೀಸೂ ಇಲ್ಲ. ಅವರದು ಬೇಕರಿ. ಬೆಳಗಿನ ನಾಲ್ಕು ಗಂಟೆಯಿಂದ ಅಂಗಡಿ ಅಂಗಡಿಗೆ ಬ್ರೆಡ್, ಬನ್ ಹಾಕುತ್ತಿದ್ದ ಗಾಡಿ. ಒಳ್ಳೆಯ ಮನುಷ್ಯ, ಕೂರಿಸಿ ಕಾಫಿ ಕೊಟ್ಟರು, ಯಾರ್ಡಿಗೆ ಗಾಡಿ ಒಪ್ಪಿಸಿದ ರಸೀದಿಯ ಫೋಟೋ ಕಳಿಸಿದರು. ಅದರಲ್ಲಿ ಯಾರ್ಡಿನವರ ಕೈಬರಹದಲ್ಲೇ ಇತ್ತು: 1,63,400. ಒಂದು ಲಕ್ಷದ ಅರವತ್ತಮೂರು ಸಾವಿರ! “ಬಂದಾಗಲೇ ಹಾಗಿತ್ತು” ಎಂದು ನನ್ನ ಕಿವಿಗೆ ಹೇಳಿದ ಬಾಯಿ ಅದು.

ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಕೇಳಿ ಕಾಫಿ ಲೋಟ ಕೆಳಗಿಟ್ಟೆ. “ಹಿಂದೆ ಸೀಟು ಎಲ್ಲಿಂದ ಬಂತು? ನನ್ನದು ಐದು ಸೀಟಿನ ಗಾಡಿ. ಹಿಂದೆ ಬರೀ ಟ್ರೇ ಇಡುತ್ತಿದ್ದೆವು.”

ನನ್ನ ಹೆಸರಿಗೆ ಬಂದ ಆರ್‌ಸಿ ಕಾರ್ಡು ಪರ್ಸಿನಲ್ಲಿಯೇ ಇತ್ತು. ಅಲ್ಲೇ ತೆಗೆದು ತಿರುಗಿಸಿದೆ. ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಆಸನ ಸಾಮರ್ಥ್ಯ 5. ಮೂರನೆಯ ಸಾಲು ಯಾರ್ಡಿನಲ್ಲಿ ಕೂರಿಸಿದ್ದು. ನೆಲಕ್ಕೆ ತೂತು ಕೊರೆದು ಸಾಮಾನ್ಯ ಬೋಲ್ಟ್ ಹಾಕಿದ್ದಾರೆ, ಬೆಲ್ಟೂ ಇಲ್ಲ. ಆರ್‌ಟಿಒ ಒಪ್ಪಿಗೆ ಇಲ್ಲದೆ ಹೀಗೆ ಗಾಡಿ ಬದಲಿಸುವುದೇ ಕಾನೂನಿಗೆ ವಿರುದ್ಧ. ಆ ಸೀಟಿನಲ್ಲಿ ನನ್ನ ಮಗಳನ್ನು ಕೂರಿಸಿಕೊಂಡು ನಾನು ಚಾರ್ಮಾಡಿ ಇಳಿದು ಹತ್ತಿದ್ದೇನೆ. ಮೀಟರಿನ ಮೋಸವನ್ನು ಒಂದು ದಿನ ಮರೆತರೂ ಮರೆತೇನು, ಇದನ್ನು ಮರೆಯುವುದಿಲ್ಲ. ಅಪಘಾತವಾಗಿದ್ದರೆ ಐದು ಜನರ ಗಾಡಿಯಲ್ಲಿ ಆರು ಜನ ಏಕಿದ್ದರು ಎಂದು ವಿಮೆಯವರು ಕೇಳುತ್ತಿದ್ದದ್ದು ನನ್ನನ್ನೇ, ಯಾರ್ಡಿನವನನ್ನಲ್ಲ.

ಯಾರ್ಡಿಗೆ ಹೋದೆ. ರಸೀದಿ ತೋರಿಸಿದ ಮೇಲೆ ದನಿ ಬದಲಾಯಿತು. “ಹದಿನೈದು ಸಾವಿರ ತೆಗೆದುಕೊಳ್ಳಿ, ಕ್ಲಚ್ಚಿನ ಖರ್ಚು ಆಯಿತು, ಮುಗಿಸಿಬಿಡಿ” ಎಂದ. ಬೇಡ, ಗಾಡಿ ವಾಪಸ್ ತೆಗೆದುಕೊಂಡು ದುಡ್ಡು ಕೊಡು ಎಂದೆ. ಆಗ ಬಂದ ಉತ್ತರ: “ಹಾಗಾದರೆ ಬೆಂಗಳೂರಿಗೆ ಬಂದು ಕೇಸ್ ಹಾಕಿ. ಎಷ್ಟು ಸಲ ಬಂದುಹೋಗುತ್ತೀರಿ, ನಾನೂ ನೋಡುತ್ತೇನೆ.”

ಬೆಂಗಳೂರಿಗೆ ಹೋಗಬೇಕಾಗಿಲ್ಲ. ಇದನ್ನು ಎಲ್ಲರೂ ತಿಳಿದಿರಬೇಕು ಎಂದೇ ಬರೆಯುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾನು ತುಮಕೂರಿನಲ್ಲಿ ಕೊಟ್ಟಿದ್ದೇನೆ. ಸರ್ವಿಸ್ ದಾಖಲೆಯ ಪ್ರಿಂಟ್, ಬೇಕರಿಯವರ ರಸೀದಿ, ಅವನು ಏಳು ಸೀಟು ಎಂದು ಕಳಿಸಿದ್ದ ವಾಟ್ಸ್‌ಆ್ಯಪ್ ಸಂದೇಶ, ಮೂರನ್ನೂ ಲಗತ್ತಿಸಿದ್ದೇನೆ. ಸಂದೇಶ ಅಳಿಸದೆ ಇಟ್ಟುಕೊಂಡದ್ದು ನನ್ನ ಪುಣ್ಯ.

ಗಾಡಿ ನೋಡಲು ಹೋಗುವವರು ಇಷ್ಟು ಮಾಡಿ. ಟೋಕನ್ ಕೊಡುವ ಮೊದಲು ಗಾಡಿ ನಂಬರ್ ಹಿಡಿದು ಕಂಪನಿ ಸರ್ವಿಸ್‌ನಲ್ಲಿ ವಿಚಾರಿಸಿ. ಆರ್‌ಸಿಯ ಎರಡೂ ಬದಿ ನೋಡಿ, ಆಸನ ಸಂಖ್ಯೆ ಓದಿ. ಸ್ಟೀರಿಂಗ್ ಕವರ್ ಬಿಚ್ಚಿಸಿ, ಬಿಚ್ಚುವುದಿಲ್ಲ ಎಂದರೆ ಎದ್ದು ಬನ್ನಿ. ಸ್ಟೆಪ್ನಿಯ ಅಂಕಿ ಓದಿ. ಮಾಲೀಕರ ಜೊತೆ ನೇರವಾಗಿ ಮಾತನಾಡದೆ ದುಡ್ಡು ಕೊಡಬೇಡಿ. 2023ರ ಏಪ್ರಿಲ್‌ನಿಂದ ಹಳೆಯ ಗಾಡಿ ಮಾರುವ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮವಿದೆ, ಅದನ್ನು ತೋರಿಸಿ ಎಂದು ಕೇಳಿ. ನಾನು ಕೇಳಿದಾಗ “ಅದೆಲ್ಲ ಹೆಡ್ ಆಫೀಸಿನಲ್ಲಿದೆ” ಎಂದಿದ್ದ. ಹೆಡ್ ಆಫೀಸು ಎಲ್ಲಿ ಎಂದರೆ ಉತ್ತರವಿರಲಿಲ್ಲ. ಮತ್ತೆ, ‘ಅಣ್ಣ’ ಎಂದು ಕರೆಯುವವನ ಮುಂದೆ ದಯವಿಟ್ಟು ಕಾಗದ ಓದದೆ ಸಹಿ ಹಾಕಬೇಡಿ.

ಪಕ್ಕದ ಅಂಗಡಿಯ ಹುಡುಗನನ್ನು ನಿನ್ನೆ ಸರ್ವಿಸ್ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಅವನು ನೋಡಿಟ್ಟ ಗಾಡಿಯ ಮೀಟರಿನಲ್ಲಿ 52 ಸಾವಿರ, ದಾಖಲೆಯಲ್ಲಿ 1,10,000ಕ್ಕೂ ಮೇಲೆ. ಟೋಕನ್ ಕೇಳಿದ್ದಕ್ಕೆ ವಾಪಸ್ ಕೊಡುವುದಿಲ್ಲ ಎಂದರಂತೆ. ಹತ್ತು ಸಾವಿರ ಹೋದರೆ ಹೋಗಲಿ ಎಂದು ಹೇಳಿದ್ದೇನೆ.

ನನ್ನ ಗಾಡಿ ಈಗ ತೋಟದ ಕೆಲಸಕ್ಕೆ ಮಾತ್ರ ಓಡುತ್ತಿದೆ. ಮೂರನೆಯ ಸಾಲಿನ ಸೀಟನ್ನು ಬಿಚ್ಚಿ, ಬೋಲ್ಟುಗಳ ಸಮೇತ ಗೋಣಿಚೀಲದಲ್ಲಿ ಕಟ್ಟಿ ಅಂಗಡಿಯ ಮೂಲೆಯಲ್ಲಿಟ್ಟಿದ್ದೇನೆ. ಆಯೋಗದಲ್ಲಿ ಕರೆದ ದಿನ ಅದನ್ನೂ ಹೊತ್ತುಕೊಂಡು ಹೋಗುತ್ತೇನೆ.